ಪಂಚಾಮೃತ ಕುಡಿದ ಸ್ಯಾಕ್ಸೊಫೋನು

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು, ತೀರಿಹೋಗಿ ಎಷ್ಟೋ ವರ್ಷವಾದ ಮೇಲೆ ಡಿಗ್ರಿ ಕಾಲೇಜಿಗೆ ಸೇರಿದವರನ್ನು ನೀವು ನೋಡಿದ್ದೀರಾ?

ನಾನು ನೋಡಿದ್ದೇನೆ. ವಾಲಗದ ಕೆಂಪಯ್ಯನವರು. ಈಗ ಭಾರತೀನಗರದ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ, ಫ್ರಿಡ್ಜಿನ ಎರಡನೇ ಅರೆಯಲ್ಲಿ ಇದ್ದಾರೆ. ಒಂಚೂರು ಹಸಿರು, ಒಂಚೂರು ಗುಲಾಬಿ ಬಣ್ಣದಲ್ಲಿ ಕ್ಷೇಮವಾಗಿದ್ದಾರೆ. ಅಡ್ಮಿಷನ್ ಮಾಡಿಸಿದವಳು ನನ್ನ ಹೆಂಡತಿ.

ಗಾಬರಿಯಾಗಬೇಡಿ. ಪೊಲೀಸಿಗೂ ಫೋನ್ ಮಾಡಬೇಡಿ. ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ಇದೇ ಅಂಕಣದಲ್ಲಿ ನಮ್ಮ ಮದ್ದೂರು ಕಡೆಯ ಕೊಪ್ಪದ ಮರಿಸ್ವಾಮಣ್ಣನ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಮದುವೆ ವಾಲಗದಲ್ಲಿ ಸ್ಯಾಕ್ಸೊಫೋನ್ ಊದುವವರು. ನಮ್ಮ ಕಡೆ ನಾಗಸ್ವರದ ಜಾಗಕ್ಕೆ ಸ್ಯಾಕ್ಸೊಫೋನು ಬಂದು ಕೂತು ಬಹಳ ಕಾಲವಾಯಿತು. ಡೋಲು ಅದೇ, ತಾಳ ಅದೇ, ಊದುವುದು ಮಾತ್ರ ಬೆಲ್ಜಿಯಂ ದೇಶದವನೊಬ್ಬ ಮಾಡಿದ ಹಿತ್ತಾಳೆ ಕೊಳವೆ. ಮರಿಸ್ವಾಮಣ್ಣನ ಕೊಳವೆಗೆ ಒಂದು ವಿಶೇಷ ಇತ್ತು. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಕಟ್ಟಿದ ಹಾಗೆ, ಈಗ ಅತ್ತೇಬಿಡುತ್ತದೇನೋ ಅನ್ನುವ ಹಾಗೆ ಒಂದು ಗೊಗ್ಗರು ದನಿ. ಅದನ್ನು ಕೇಳಿ ನಾನು ಕರಗಿಹೋಗಿದ್ದೆ. ‘ಇದು ಮದ್ದೂರಿನ ಬ್ಲೂಸ್’ ಎಂದು ಬರೆದಿದ್ದೆ. ‘ಶತಮಾನಗಳ ನೋವು ಈ ಕೊಳವೆಯಲ್ಲಿ ಮಡುಗಟ್ಟಿದೆ’ ಎಂದೂ ಬರೆದಿದ್ದೆ.

ಮಡುಗಟ್ಟಿದ್ದೇನೋ ನಿಜ. ಏನು ಅನ್ನುವುದರಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾಯಿತು.

ಬ್ಯಾಂಕಿನಿಂದ ರಿಟೈರಾದ ಮೇಲೆ ನನಗೆ ಹಳೇ ಜಾಜ್, ಬ್ಲೂಸ್ ಕೇಳುವ ಹುಚ್ಚು ಹತ್ತಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿ ಮೇಲೆ ಕೂತರೆ ಹಾಲಿನವನು ಬಂದದ್ದೂ ಗೊತ್ತಾಗುವುದಿಲ್ಲ. ‘ಇದ್ದ ದುಃಖ ಸಾಲದು ಅಂತ ಡೇಟಾ ಹಾಕಿಸಿಕೊಂಡು ಬೇರೆಯವರ ದುಃಖ ಕೇಳ್ತಾರೆ’ ಎನ್ನುತ್ತಾಳೆ ಹೆಂಡತಿ ಪ್ರಭಾ. ಅವಳು ಆ ಕಾಲೇಜಿನ ಮೈಕ್ರೋಬಯಾಲಜಿ ಮೇಡಂ. ರೋಗ ತರುವ ಸೂಕ್ಷ್ಮಜೀವಿಗಳನ್ನು ಸಾಕಿ ಸಲಹುವುದೇ ಉದ್ಯೋಗ. ಇಬ್ಬರಲ್ಲಿ ಯಾರ ಹುಚ್ಚು ಹೆಚ್ಚು ಅಂತ ನೀವೇ ಹೇಳಿ.

ಮರಿಸ್ವಾಮಣ್ಣ ಮದ್ದೂರಿಗೆ ಬಂದಾಗಲೆಲ್ಲ ನಮ್ಮ ಜಗಲಿಗೆ ಬರುತ್ತಾರೆ. ಒಂದು ಕಾಫಿ ಕೊಟ್ಟು ನಾನು ಪಾಠ ಶುರು ಮಾಡುತ್ತೇನೆ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ಜನರು ದುಡಿಯುತ್ತಾ ಹಾಡುತ್ತಿದ್ದದ್ದು, ಒಬ್ಬ ಕೂಗಿ ಹೇಳಿದರೆ ಮಿಕ್ಕವರು ಸೊಲ್ಲು ಕೊಡುತ್ತಿದ್ದದ್ದು, ಅಂಥ ಹಾಡುಗಳಿಂದ ಬ್ಲೂಸ್ ಹುಟ್ಟಿದ್ದು, ಗಾಂಧಾರವನ್ನು ನೆಟ್ಟಗೆ ಹಿಡಿಯದೆ ಅರೆಬರೆ ಜಾರಿಸುತ್ತಿದ್ದದ್ದು. ‘ನಾವೂ ಜಾರುಸ್ತೀವಲ್ಲ ಸಾ, ಅದ್ಕೆ ಗಮಕ ಅಂತೀವಿ’ ಎಂದು ಅವರು ಕಾಫಿ ಮುಗಿಸುತ್ತಾರೆ.

ಆಮೇಲೆ ನ್ಯೂ ಆರ್ಲಿಯನ್ಸ್. ಬಂದರಿನ ಊರು. ಅಲ್ಲಿ ಸಾವಿಗೂ ಬ್ಯಾಂಡು. ಮಣ್ಣಿಗೆ ಹೋಗುವಾಗ ಅಳುವ ಹಾಡು, ಮಣ್ಣು ಮಾಡಿ ಬರುವಾಗ ಕುಣಿಯುವ ಹಾಡು. ಆ ಊರಲ್ಲಿ ಸೊಳ್ಳೆ ಜಾಸ್ತಿ, ಹಾಗಾಗಿ ಹಳದಿ ಜ್ವರ ಜಾಸ್ತಿ, ಹಾಗಾಗಿ ಸಾವು ಜಾಸ್ತಿ, ಹಾಗಾಗಿ ಬ್ಯಾಂಡಿಗೆ ಕೆಲಸ ಜಾಸ್ತಿ, ಹಾಗಾಗಿ ಜಾಜ್. (ಇದು ನನ್ನ ಸ್ವಂತ ಥಿಯರಿ. ಪರೀಕ್ಷೆಯಲ್ಲಿ ಬರೆದು ಫೇಲಾದರೆ ನಾನು ಜವಾಬ್ದಾರನಲ್ಲ.)

ಇದನ್ನು ಕೇಳಿಸಿಕೊಂಡ ಪ್ರಭಾ ಒಳಗಿನಿಂದಲೇ ಹೇಳಿದಳು. ಸೊಳ್ಳೆಯಿಂದ ಜಾಜ್ ಹುಟ್ಟುವುದಾಗಿದ್ದರೆ ನಾಲೆ ಬಂದು ಮಲೇರಿಯಾ ಹಬ್ಬಿದ ಕಾಲದಲ್ಲಿ ಮಂಡ್ಯದಲ್ಲೇ ಹುಟ್ಟಬೇಕಿತ್ತಂತೆ.

ಹೀಗಿರುವಾಗ ಮರಿಸ್ವಾಮಣ್ಣನಿಗೆ ಕೆಮ್ಮು ಹತ್ತಿತು.

ಮಾಮೂಲಿ ಕೆಮ್ಮಲ್ಲ. ಕಷಾಯ ಆಯಿತು, ಸಿರಪ್ಪು ಆಯಿತು, ದೃಷ್ಟಿ ತೆಗೆಸಿದ್ದಾಯಿತು. ಎರಡು ಸಾಲು ಊದಿದರೆ ನಾಲ್ಕು ಸಾಲು ಕೆಮ್ಮು. ಕೊಪ್ಪದಲ್ಲಿ ಆಗಲೇ ‘ಅದೇ ಇರಬೇಕು’ ಎಂದು ಗುಸುಗುಸು. ಮಂಡ್ಯದ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ‘ಟಿ.ಬಿ. ಅಲ್ಲ’ ಎಂದರು. ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿ, ಪಾರಿವಾಳದ ಧೂಳಿಗೂ ಎದೆ ಹೀಗೆ ಕೆಡುತ್ತದೆ, ಮನೆಯಲ್ಲಿ ಸಾಕಿದ್ದೀರಾ ಎಂದು ಕೇಳಿದರಂತೆ. ಇಲ್ಲ, ಎರಡು ನಾಟಿ ಕೋಳಿ ಇದ್ದವು, ಬೀಗರು ಬಂದಾಗ ಖರ್ಚಾದವು ಎಂದು ಇವರು ಹೇಳಿದರಂತೆ. ಏನು ಕೆಲಸ ಎಂದದ್ದಕ್ಕೆ ‘ಯವಸಾಯ’ ಎಂದರಂತೆ. ವಾಲಗದ ಸುದ್ದಿಯನ್ನೇ ಎತ್ತಿಲ್ಲ. ಡಾಕ್ಟರ ಹತ್ತಿರ ಊದುವ ವಿಷಯ ಯಾಕೆ ಅಂತ.

ಬೀಗರು ಅಂದೆನಲ್ಲ, ಅದೇ ನಿಜವಾದ ಸಂಕಟ. ಮಗಳು ದಿವ್ಯಾಳ ಮದುವೆ ಗೊತ್ತಾಗಿತ್ತು. ಗಂಡು ಮಳವಳ್ಳಿ. ಊರವರ ಮಕ್ಕಳಿಗೆಲ್ಲ ಗಟ್ಟಿಮೇಳ ಊದಿದ ಮನುಷ್ಯ, ತನ್ನ ಮಗಳ ಧಾರೆಗೆ ತಾನೇ ಊದಬೇಕು ಎಂದು ಅವಳು ಹುಟ್ಟಿದ ದಿನವೇ ಹರಕೆ ಕಟ್ಟಿಕೊಂಡಿದ್ದರು. ಧಾರೆ ಎರೆಯಬೇಕಾದ ಅಪ್ಪ ಸ್ಯಾಕ್ಸೊಫೋನು ಹಿಡಿದು ಕೂತರೆ ನೀರು ಬಿಡುವವರು ಯಾರು ಎಂದು ಪುರೋಹಿತರು ತಗಾದೆ ತೆಗೆದಿದ್ದರು. ದೊಡ್ಡಪ್ಪ ದೊಡ್ಡಮ್ಮ ಎರೆಯುವುದು ಎಂದು ತೀರ್ಮಾನವಾಗಿತ್ತು. ಎಲ್ಲ ಸರಿಹೋಯಿತು ಎನ್ನುವಾಗ ಈ ಕೆಮ್ಮು.

ದಿವ್ಯಾ ಪ್ರಭಾಳ ಹಳೇ ಸ್ಟೂಡೆಂಟು. ಅಪ್ಪನನ್ನು ಹೆಚ್ಚೂಕಡಿಮೆ ಎಳೆದುಕೊಂಡೇ ನಮ್ಮ ಮನೆಗೆ ಬಂದಳು. ಸ್ಯಾಕ್ಸೊಫೋನಿನ ಪೆಟ್ಟಿಗೆಯೂ ಜೊತೆಗೇ ಬಂತು. (ಮರಿಸ್ವಾಮಣ್ಣ ಎಲ್ಲಿಗೆ ಹೋದರೂ ಅದು ಹೋಗುತ್ತದೆ.) ಪೆಟ್ಟಿಗೆ ತೆರೆದದ್ದೇ ತಡ, ಪ್ರಭಾ ಮೂಗು ಅರಳಿಸಿದಳು. ಹುಳಿ ಮೊಸರಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದಳು. ನಾನು ಅಡುಗೆಮನೆ ಕಡೆ ನೋಡಿದೆ. ಅವಳು ಸ್ಯಾಕ್ಸೊಫೋನಿನ ಬಾಯಿಗೆ ಬಗ್ಗಿದಳು.

‘ಇದನ್ನು ಯಾವಾಗ ತೊಳೆದಿದ್ದು ಮರಿಸ್ವಾಮಣ್ಣ?’

‘ತೊಳಿಯೋದಾ? ಚೆಂದಾಗ್ ಏಳ್ತಿರಿ ಕಣವ್ವ. ನಮ್ ಗುರುಗಳು ಕೆಂಪಯ್ಯನೋರು ಕೊಟ್ಟಿದ್ದು. ಉಸ್ರು ಬುಡೋ ಮುಂಚೆ ಕರ್ದು ಕೈಗಿಟ್ಟು, ನನ್ನುಸ್ರು ಇದ್ರೊಳಗದೆ, ಆಚೆ ಓಗ್ದಂಗೆ ನೋಡ್ಕಳ್ಳಾ ಅಂದ್ರು. ತೊಳುದ್ರೆ ಓಗ್ಬುಡಲ್ವ?’

ಹಾಗಾದರೆ ಒಳಕ್ಕೆ ಏನೂ ಹಾಕಿಲ್ಲ ತಾನೇ ಎಂದು ಇವಳು ಕೇಳಿದಳು. ಛೆ, ಏನೂ ಹಾಕಿಲ್ಲ ಎಂದರು. ಆಮೇಲೆ ಬಹಳ ಸಹಜವಾಗಿ, ವರ್ಷವರ್ಷ ಆಯುಧಪೂಜೆ ದಿನ ಪಂಚಾಮೃತದ ಅಭಿಷೇಕ ಮಾತ್ರ ಎಂದರು.

ಪ್ರಭಾ ಕುರ್ಚಿ ಎಳೆದುಕೊಂಡು ಕೂತಳು.

ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಒಂದೊಂದು ಉದ್ಧರಣೆ ಬಾಯಿಯೊಳಕ್ಕೆ. ಮೇಲೆ ಎಳನೀರು. ಹೊರಗಡೆ ಚೆನ್ನಾಗಿ ಒರೆಸುತ್ತಾರೆ, ಫಳಫಳ ಹೊಳೆಯುತ್ತದೆ. ಒಳಗಡೆಯದು ಪ್ರಸಾದವಲ್ಲವೇ, ಹಾಗೇ ಬಿಡುತ್ತಾರೆ. ನಾವೆಲ್ಲ ಆಯುಧಪೂಜೆಗೆ ಬೈಕು ತೊಳೆದು, ಟ್ರ್ಯಾಕ್ಟರ್ ತೊಳೆದು, ಬೂದುಗುಂಬಳ ಒಡೆಯುವವರು. ಆದರೆ ಟ್ರ್ಯಾಕ್ಟರಿನ ಸೈಲೆನ್ಸರಿಗೆ ಮೊಸರು ಬಿಟ್ಟವರನ್ನು ನಾನಂತೂ ಕಂಡಿರಲಿಲ್ಲ. ಅದೂ ಅಲ್ಲದೆ ಟ್ರ್ಯಾಕ್ಟರು ಉಸಿರು ಎಳೆದುಕೊಳ್ಳುವುದಿಲ್ಲ. ಮನುಷ್ಯ ಎಳೆದುಕೊಳ್ಳಬೇಕು. ಊದಿದವನು ಮುಂದಿನ ಸಾಲಿಗೆ ಗಾಳಿ ತರುವುದಾದರೂ ಎಲ್ಲಿಂದ? ಅರ್ಧ ಆ ಕೊಳವೆಯಿಂದಲೇ.

‘ನಾವು ಲ್ಯಾಬಲ್ಲಿ ಬ್ಯಾಕ್ಟೀರಿಯಾಕ್ಕೆ ಇಷ್ಟು ಒಳ್ಳೆ ಊಟ ಹಾಕಲ್ಲ’ ಎಂದು ಪ್ರಭಾ ನಿಟ್ಟುಸಿರಿಟ್ಟಳು. ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಹತ್ತಿ ಸುತ್ತಿದ ಕಡ್ಡಿ ಒಳಗೆ ಆಡಿಸಿ, ಕಾಲೇಜಿಗೆ ಒಯ್ದು, ಗಾಜಿನ ತಟ್ಟೆಯಲ್ಲಿ ಬೆಳೆಯಲಿಟ್ಟಳು. ಒಂದು ವಾರ ಕಳೆದ ಮೇಲೆ ನನ್ನನ್ನು ಕರೆಸಿದಳು. ಬಾಣಂತಿ ಕೋಣೆಗೆ ಕರೆದುಕೊಂಡು ಹೋದ ಹಾಗೆ ಮೆಲ್ಲಗೆ ಕರೆದುಕೊಂಡು ಹೋಗಿ ತೋರಿಸಿದಳು. ಹಸಿರು ವೆಲ್ವೆಟ್ಟು, ಕಪ್ಪು ಚುಕ್ಕಿ, ಗುಲಾಬಿ ಬೊಟ್ಟು, ಕೆನೆ ಬಣ್ಣದ ಗುಡ್ಡ. ರಂಗೋಲಿ ಸ್ಪರ್ಧೆಗಿಟ್ಟರೆ ಬಹುಮಾನ ಗ್ಯಾರಂಟಿ. ಇದು ಬ್ಯಾಕ್ಟೀರಿಯಾ, ಇದು ಯೀಸ್ಟು, ಈ ಹಸಿರು ಬೂಸ್ಟು ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರ ಎಂದು ನೆಂಟರನ್ನು ಪರಿಚಯಿಸಿದ ಹಾಗೆ ಪರಿಚಯಿಸಿದಳು. ಕೊನೆಗೆ ನನ್ನನ್ನೇ ನೋಡುತ್ತಾ ಹೇಳಿದಳು.

‘ಇದೇ ರೀ, ನಿಮ್ಮ ಮದ್ದೂರಿನ ಬ್ಲೂಸ್.’

ಶತಮಾನಗಳ ನೋವು ಎಂದು ಬರೆದಿದ್ದೆನಲ್ಲ. ಬೂಸ್ಟಿಗೆ ವಿಮರ್ಶೆ ಬರೆದ ಅಂಕಣಕಾರ ಕರ್ನಾಟಕದಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ನನ್ನನ್ನು ಸಂಪರ್ಕಿಸಲಿ. ಇಬ್ಬರೂ ಕೂತು ಅಳೋಣ.

ವಿಷಯ ತಿಳಿದ ಮಂಡ್ಯದ ಡಾಕ್ಟರು, ಮೊದಲೇ ಹೇಳಬಾರದಿತ್ತಾ ಎಂದು ರೇಗಿದರು. ಬೂಸ್ಟಿನ ಧೂಳು ಎಳೆದೂ ಎಳೆದೂ ಶ್ವಾಸಕೋಶ ಮುನಿಸಿಕೊಂಡಿದೆ, ಮಾತ್ರೆ ನುಂಗಬೇಕು, ವಾದ್ಯ ಪೂರಾ ಸ್ವಚ್ಛವಾಗುವ ತನಕ ಊದುವ ಹಾಗಿಲ್ಲ, ಊದಿದರೆ ಎದೆ ಶಾಶ್ವತವಾಗಿ ಕೆಡುತ್ತದೆ ಎಂದರು. ಬೇರೆ ಸ್ಯಾಕ್ಸೊಫೋನು ತಂದರಾಯಿತು ಎಂದರು ದೊಡ್ಡಪ್ಪ. ಮರಿಸ್ವಾಮಣ್ಣ ಜಪ್ಪಯ್ಯ ಎನ್ನಲಿಲ್ಲ. ಊದಿದರೆ ಗುರುಗಳದ್ದನ್ನೇ, ಅದನ್ನು ತೊಳೆಸುವುದೂ ಇಲ್ಲ. ದಿವ್ಯಾ ಅತ್ತಳು. ಅಪ್ಪ ಕೆಮ್ಮಿದರು. ಮದುವೆ ಹತ್ತಿರ ಬರುತ್ತಿತ್ತು.

ನಾನು ನನ್ನ ಕೈಲಾದ ಉಪಕಾರ ಮಾಡಲು ಹೋದೆ. ಜಾಜಿನ ಆ ಮೊದಮೊದಲ ಊದುಗಾರರು ದಿನಾ ಬಿಸಿನೀರಲ್ಲಿ ವಾದ್ಯ ತೊಳೆಯುತ್ತಿದ್ದರು ಎಂದು ಒಂದು ಸುಳ್ಳು ಬಿಟ್ಟೆ. ಮರಿಸ್ವಾಮಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಅವುರ್ಗೆ ಗುರುಗಳು ಉಸ್ರು ಬುಟ್ ಓಗಿದ್ರಾ ಸಾ?’ ಎಂದರು. ಜಾಜಿನ ಇತಿಹಾಸ ಅಲ್ಲಿಗೆ ಮುಗಿಯಿತು.

ಆಗ ಪ್ರಭಾ ಅವರನ್ನು ಲ್ಯಾಬಿಗೇ ಕರೆಸಿದಳು. ಇದನ್ನು ನೋಡಿಯಾದರೂ ಹೆದರಲಿ ಎಂದು ತಟ್ಟೆಯನ್ನು ಮುಂದಿಟ್ಟಳು. ‘ನಿಮ್ಮ ಗುರುಗಳ ಉಸಿರು ಅಂತ ಒಳಗೆ ಇಟ್ಕೊಂಡಿರೋದು ಇದೇ ನೋಡಿ’ ಎಂದಳು.

ಹೆದರಿಸಲು ಹೋಗಿ ಆದದ್ದೇ ಬೇರೆ. ಮರಿಸ್ವಾಮಣ್ಣ ಹಿಂದಕ್ಕೆ ಸರಿದು, ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದು, ತಟ್ಟೆಗೆ ಎರಡೂ ಕೈಯೆತ್ತಿ ಮುಗಿದರು. ಕಣ್ಣಲ್ಲಿ ನೀರು. ಇಷ್ಟು ದಿನ ಉಸಿರು ಕಣ್ಣಿಗೆ ಕಾಣುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದರು. ಗುರುಗಳು ಬದುಕಿದ್ದಾಗಲೂ ಹಸಿರು ಶಾಲನ್ನೇ ಹೊದೆಯುತ್ತಿದ್ದರಂತೆ. ತಟ್ಟೆಯನ್ನು ಮನೆಗೆ ಒಯ್ದು ದೇವರ ಗೂಡಿನಲ್ಲಿ ಇಡುತ್ತೇನೆ ಎಂದು ಕೈ ಚಾಚಿದರು.

ಪ್ರಭಾಳ ಮುಖ ನೀವು ನೋಡಬೇಕಿತ್ತು. ದೇವರ ಗೂಡು, ಅದರ ಮುಂದೆ ಮತ್ತೆ ಹಾಲು, ಮತ್ತೆ ಜೇನುತುಪ್ಪ! ತಟ್ಟೆಯನ್ನು ಎದೆಗವಚಿಕೊಂಡು ನಿಂತಳು. ಹೀಗೆ ನಿಂತಾಗಲೇ ಅವಳಿಗೆ ಬುದ್ಧಿ ಓಡಿದ್ದು.

‘ಮನೇಲಿಟ್ಟರೆ ಒಣಗಿಹೋಗ್ತಾರೆ ಮರಿಸ್ವಾಮಣ್ಣ. ಇಲ್ಲೇ ಇರಲಿ. ಫ್ರಿಡ್ಜಲ್ಲಿಟ್ಟು, ಆಗಾಗ ಊಟ ಹಾಕಿ, ನಾನು ಜೋಪಾನ ಮಾಡ್ತೀನಿ. ಗುರುಗಳು ಹೇಗೂ ಕ್ಷೇಮವಾಗಿ ಹೊರಗೆ ಬಂದಾಯ್ತಲ್ಲ, ಇನ್ನು ಖಾಲಿ ಕೊಳವೆ ತೊಳೆಸೋದಕ್ಕೇನು?’

ಮರಿಸ್ವಾಮಣ್ಣ ಫ್ರಿಡ್ಜು ತೆರೆಸಿ ನೋಡಿದರು. ಕರೆಂಟು ಹೋದರೆ ಏನು ಗತಿ ಎಂದು ವಿಚಾರಿಸಿದರು. ಜನರೇಟರ್ ಇದೆ ಎಂದು ಖಾತ್ರಿಯಾಯಿತು. ಹೀಗೆ ಕೆಂಪಯ್ಯನವರ ಅಡ್ಮಿಷನ್ ಆಯಿತು. ತಟ್ಟೆಯಿಂದ ಒಂಚೂರು ಗಾಜಿನ ನಳಿಕೆಗೆ ಎತ್ತಿ, ಅದರ ಮೇಲೆ ‘ಗುರು’ ಎಂದು ಚೀಟಿ ಅಂಟಿಸಿದ್ದಾಳೆ. ಹುಡುಗಿಯರು ಪ್ರಾಕ್ಟಿಕಲ್ಸಿಗೆ ಗುರುಗಳನ್ನೇ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಸ್ಯಾಕ್ಸೊಫೋನು ಮೈಸೂರಿಗೆ ಹೋಯಿತು. ರಿಪೇರಿಯವರು ಬಿಚ್ಚಿ, ಬಿಸಿನೀರು ಸೋಪಿನಲ್ಲಿ ತೊಳೆದು, ತೂತು ಮುಚ್ಚುವ ಹಳೇ ಚರ್ಮದ ಬಿಲ್ಲೆಗಳನ್ನೆಲ್ಲ ಕಿತ್ತು ಹೊಸತು ಹಾಕಿದರು. ಒಳಗೆ ಒಂದು ಹಿಡಿ ಅಕ್ಷತೆ ಸಿಕ್ಕಿತಂತೆ. ಯಾರ್‍ಯಾರದೋ ಧಾರೆಗೆ ಎರಚಿದ್ದು, ಗುರಿ ತಪ್ಪಿ ಇದರ ಬಾಯಿಗೆ ಬಿದ್ದದ್ದು. ಮರಿಸ್ವಾಮಣ್ಣ ಅದನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ಪ್ರಭಾ ಅದನ್ನೂ ಕೇಳಿದಳು, ಕೊಡಲಿಲ್ಲ.

ಮಾತ್ರೆಗೆ ಕೆಮ್ಮು ಬಗ್ಗಿತು. ಧಾರೆ ಹೊತ್ತಿಗೆ ಒಂದೇ ಸಲ ಊದಿ, ಜಾಸ್ತಿ ಬೇಡ ಎಂದು ಡಾಕ್ಟರು ಒಪ್ಪಿದರು.

ಮದ್ದೂರಿನ ಕಲ್ಯಾಣ ಮಂಟಪ. ದೊಡ್ಡಪ್ಪ ನೀರು ಬಿಟ್ಟರು, ಪುರೋಹಿತರು ಗಟ್ಟಿಮೇಳ ಎಂದರು, ಮರಿಸ್ವಾಮಣ್ಣ ಊದಿದರು. ಹುಣಸೆಹಣ್ಣು ಹಾಕಿ ಬೆಳಗಿದ ಚೊಂಬಿನ ಹಾಗಿತ್ತು ದನಿ. ಚೊಕ್ಕ, ಸ್ಪಷ್ಟ, ಒಂದು ಗೊಗ್ಗರು ಇಲ್ಲ, ಒಂದು ಬಿಕ್ಕಿಲ್ಲ. ಜನ ತಲೆದೂಗಿದರು. ದಿವ್ಯಾ ಕತ್ತು ತಿರುಗಿಸಿ ಅಪ್ಪನನ್ನು ನೋಡಿ ನಕ್ಕಳು. ಹರಕೆ ತೀರಿತು. ನನಗೆ ಮಾತ್ರ, ನಿಜ ಹೇಳಬೇಕೆಂದರೆ, ನಿರಾಸೆ. ನನ್ನ ಬ್ಲೂಸ್ ಮೈಸೂರಿನ ಬಚ್ಚಲಲ್ಲಿ ಹರಿದುಹೋಗಿತ್ತು. ಊಟಕ್ಕೆ ಕೂತಾಗ ಪ್ರಭಾಳಿಗೆ ಅದನ್ನೇ ಹೇಳಿದೆ. ಎರಡನೇ ಹೋಳಿಗೆ ಹಾಕಿಸಿಕೊಳ್ಳಿ, ಸರಿಹೋಗುತ್ತೆ ಎಂದಳು.

ಆಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರ.

ಮಳವಳ್ಳಿ ಏನು ದೂರವಾ? ಬಸ್ಸಲ್ಲಿ ಕೂತರೆ ಒಂದು ನಿದ್ದೆಯೂ ಮುಗಿಯುವುದಿಲ್ಲ. ಆದರೂ ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟ ಮರಿಸ್ವಾಮಣ್ಣನಿಗೆ ಒಂದು ಮಾತು ಹೊರಡಲಿಲ್ಲ. ಒಪ್ಪಿಸಿದೆ ಕಣವ್ವ ಎನ್ನಬೇಕು, ಅಷ್ಟೂ ಆಗಲಿಲ್ಲ. ಡೋಲಿನವನ ಪಕ್ಕದಲ್ಲಿದ್ದ ಸ್ಯಾಕ್ಸೊಫೋನನ್ನು ಎತ್ತಿಕೊಂಡರು. ಡಾಕ್ಟರು ಒಂದೇ ಸಲ ಅಂದಿದ್ದಾರೆ ಎಂದು ಪ್ರಭಾ ಮುಂದಕ್ಕೆ ಹೋದಳು, ಹೋದವಳು ಅಲ್ಲೇ ನಿಂತಳು.

ಊದಿದರು. ಕೆಳಗಿನಿಂದ ಮೆಲ್ಲಗೆ ಎದ್ದ ದನಿ ಮೇಲಿನ ಸ್ವರಕ್ಕೆ ಹೋಯಿತು. ಹೋಗಿ, ಗಂಟಲು ಕಟ್ಟಿತು. ಅದೇ ಗೊಗ್ಗರು. ಅದೇ ಬಿಕ್ಕು. ಹೊಸ ಬಿಲ್ಲೆ, ಬಿಸಿನೀರು, ಸೋಪು ಎಲ್ಲವನ್ನೂ ದಾಟಿಕೊಂಡು ಅದೇ ಬಂದು ನಿಂತಿತು. ಮಂಟಪದ ಬಾಗಿಲಲ್ಲಿ ತಾಂಬೂಲ ಹಂಚುತ್ತಿದ್ದವರ ಕೈ ನಿಂತಿತು.

ನಾನು ಗೆದ್ದೆ ಎನ್ನಿಸಿತು. ಹೋಗಿ ಪ್ರಭಾಳ ಮೊಣಕೈ ತಿವಿದೆ. ಬೂಸ್ಟು ಫ್ರಿಡ್ಜಲ್ಲಿದೆ ಅಂದೆಯಲ್ಲ ಮೇಡಂ, ಹಾಗಾದರೆ ಇದು ಯಾವ ರೋಗಾಣು ಎಂದು ಕೇಳಿದೆ.

ಸೆರಗನ್ನು ಕಣ್ಣಿಂದ ತೆಗೆಯದೆಯೇ ಹೇಳಿದಳು: ‘ಇದು ಗಾಳಿಯಲ್ಲೇ ಹರಡೋದು ರೀ, ನಿಮಗೂ ಅಂಟಿದೆ, ಮೊದಲು ಕಣ್ಣೊರೆಸಿಕೊಳ್ಳಿ.’