ತೊಗರಿ ಹೊಲದಲ್ಲಿ ಇಳಿದ ಹೆಲಿಕಾಪ್ಟರ್

ನಿಮ್ಮ ಹೊಲದಲ್ಲಿ ಒಂದು ದಿನದ ಮಟ್ಟಿಗೆ ಹೆಲಿಕಾಪ್ಟರ್ ಇಳಿಸಬಹುದೇ ಎಂದು ಪಕ್ಕದ ಹೊಲದವರು ಬಂದು ಕೇಳಿದಾಗ, ನನ್ನ ಗಂಡ ಮೊದಲು ವಿಚಾರಿಸಿದ್ದು ಅದರ ಗಾಲಿಗಳು ಎಷ್ಟು ಅಗಲ ಇರುತ್ತವೆ ಎಂದು. ಟ್ರ್ಯಾಕ್ಟರ್ ಇಟ್ಟುಕೊಂಡವರ ತಲೆ ಹಾಗೆಯೇ ಓಡುತ್ತದೆ. ನಾನು ಫೋನಿನಲ್ಲಿ ಚಿತ್ರ ಹುಡುಕಿ, ಇಂಥ ಸಣ್ಣದಕ್ಕೆ ಗಾಲಿಗಳೇ ಇರುವುದಿಲ್ಲ, ಎರಡು ಕಂಬಿಗಳ ಮೇಲೆ ಕೂತುಕೊಳ್ಳುತ್ತದೆ ಎಂದು ತೋರಿಸಿದೆ. ಅಲ್ಲೇ ಹತ್ತಿ ಹಿಂಜುತ್ತಿದ್ದ ನಮ್ಮ ಅತ್ತೆ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ಗಾಲಿ ಇಲ್ಲದಿದ್ದರೆ ಕೆಟ್ಟು ನಿಂತಾಗ ದೂಡುವುದು ಹೇಗೆ ಎಂದು ಕೇಳಿದರು.

ನಮ್ಮೂರು ಗಡಿಯಾಚೆ, ಮರಾಠಿ ಸೀಮೆಯಲ್ಲಿ, ವಲಾಂಡಿಯ ಮಗ್ಗುಲಲ್ಲಿದೆ. ಒಂದು ಕಡೆ ಹೋದರೆ ಉದಗೀರ, ಇನ್ನೊಂದು ಕಡೆ ಹೋದರೆ ಮಾಂಜರಾ ನದಿ ದಾಟಿ ನಿಲಂಗಾ. ಪಕ್ಕದ ಹೊಲದವರು ಕುರಿ ಸಾಕುವ ಮನೆತನದವರು, ಬೀರಪ್ಪನ ಒಕ್ಕಲು. ಅವರ ಬದುವೂ ನಮ್ಮ ಬದುವೂ ಒಂದೇ. ಆ ಮನೆಯ ಮಗಳು ಉದಗೀರದ ಕಾಲೇಜಿಗೆ ಹೋಗುತ್ತಿದ್ದಾಗ, ಬಸ್ ತಪ್ಪಿದ ದಿನ ನನ್ನ ಕಾರಿನ ಮುಂದೆ ಬಂದು ನಿಲ್ಲುತ್ತಿದ್ದಳು. ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಹಳೆಯ, ಬಿಳಿಯ, ಸಣ್ಣ ಕಾರು ಅದು. ಆಸ್ಪತ್ರೆಗೆ, ಸಂತೆಗೆ, ಮದುವೆಗೆ, ಬಾಣಂತಿಯನ್ನು ಕರೆತರಲು, ಎಲ್ಲಕ್ಕೂ ಅದೇ. ಅತ್ತೆ ಯಾವಾಗಲೂ ಮುಂದಿನ ಸೀಟು. ಎದುರಿಗೆ ಲಾರಿ ಬಂದರೆ ಅವರ ಬಲಗಾಲು ತಾನಾಗಿ ಕೆಳಗೆ ಒತ್ತುತ್ತದೆ, ಅಲ್ಲಿ ಬ್ರೇಕ್ ಇಲ್ಲದಿದ್ದರೂ.

ಆ ಹುಡುಗಿಗೆ ಉಮರ್ಗಾದ ಆಚೆ ಮುರುಮ ಎಂಬ ಊರಿನಲ್ಲಿ ಸಂಬಂಧ ಕೂಡಿತ್ತು. ಹುಡುಗನ ಅಜ್ಜ ಕಬ್ಬು ಬೆಳೆದು, ಕಾಳಿನ ವ್ಯಾಪಾರ ಮಾಡಿ ನೆಲೆ ನಿಂತವರು. ಮೊಮ್ಮಗ ಹೆಲಿಕಾಪ್ಟರಿನಲ್ಲಿ ಹೋಗಿ ಅದರಲ್ಲೇ ಸೊಸೆಯನ್ನು ಕರೆತರಬೇಕು ಎಂಬುದು ಅವರ ಆಸೆ. ಇತ್ತೀಚೆಗೆ ನಮ್ಮ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಹೀಗೆ ಮಾಡುತ್ತಿದ್ದಾರೆ. ಹುಡುಗಿಯ ಮನೆಯವರ ಹೊಲದಲ್ಲಿ ಕುರಿ ದಡ್ಡಿ ಇತ್ತು, ನಮ್ಮದು ತೊಗರಿ ಕೊಯ್ದು ಖಾಲಿ ಬಿದ್ದಿತ್ತು. ಹಾಗಾಗಿ ನಮ್ಮ ಹೊಲ.

ಎರಡು ದಿನ ಮೊದಲೇ ತೊಗರಿಯ ಕೂಳೆ ಕಿತ್ತು, ರೋಲರ್ ಉರುಳಿಸಿ, ಟ್ಯಾಂಕರಿನಿಂದ ನೀರು ಹೊಡೆದರು. ನಡುವೆ ಸುಣ್ಣದಿಂದ ದೊಡ್ಡ ದುಂಡು ಬರೆದರು. ದನಗಳು ಬೆದರುತ್ತವೆಂದು ಎಲ್ಲವನ್ನೂ ಹಳ್ಳದ ಆಚೆ ಕಟ್ಟಿ ಬಂದೆವು. ದೇವಣಿ ತಳಿಯ ಒಂದು ಮುದಿ ಆಕಳು ಮಾತ್ರ ಏಳಲಿಲ್ಲ. ಅದನ್ನು ಕೊಟ್ಟಿಗೆಯಲ್ಲೇ ಬಿಟ್ಟೆವು.

ಮದುವೆಯ ದಿನ ಬೆಳಿಗ್ಗೆ ಮೊದಲು ಸದ್ದು ಬಂತು. ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಅದು ನಮ್ಮ ಬೇವಿನ ಗಿಡದ ಮೇಲೆ ಒಂದು ಸುತ್ತು ಹಾಕಿ ಕೆಳಗಿಳಿಯಿತು. ನೀರು ಹೊಡೆದಿದ್ದರೂ ಎಷ್ಟು ಧೂಳು ಎದ್ದಿತೆಂದರೆ, ಹುಡುಗ ಇಳಿದದ್ದನ್ನು ಯಾರೂ ಕಣ್ಣಾರೆ ನೋಡಲಿಲ್ಲ. ಧೂಳು ಇಳಿದಾಗ ಅವನು ಅಜ್ಜನ ಕೈ ಹಿಡಿದು ನಿಂತಿದ್ದ, ಪೇಟ ಬಗಲಲ್ಲಿತ್ತು. ನಾನು ಕೊಟ್ಟಿಗೆಗೆ ಓಡಿ ನೋಡಿದೆ. ಮುದಿ ಆಕಳು ಮೆಲುಕು ಹಾಕುತ್ತ ಮಲಗಿತ್ತು.

ಬೀಗರನ್ನು ಬ್ಯಾಂಡಿನವರು ಊರೊಳಗೆ ಕರೆದೊಯ್ದರು. ಪೈಲಟ್ ಉಳಿದರು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ, ಉತ್ತರದ ಕಡೆಯ ಮನುಷ್ಯ. ಯಂತ್ರವನ್ನು ಬಿಟ್ಟು ದೂರ ಹೋಗುವಂತಿಲ್ಲ ಎಂದರು. ಬೇವಿನ ಕೆಳಗೆ ಮಂಚ ಹಾಕಿಕೊಟ್ಟೆವು. ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ತಂದಿಟ್ಟು ಎದುರಿಗೆ ಕೂತರು. ಅವರು ಹುಟ್ಟಿ ಬೆಳೆದದ್ದು ಉದಗೀರದ ಪೇಟೆಯಲ್ಲಿ. ಕನ್ನಡದಷ್ಟೇ ಮರಾಠಿ ಬರುತ್ತದೆ, ಪೇಟೆಯ ದಖ್ಖನಿ ಹಿಂದಿಯೂ ಬರುತ್ತದೆ. ಆ ಹಿಂದಿ ಕೇಳಿ ಪೈಲಟ್ ಮೊದಲ ಸಲ ನಕ್ಕರು.

ಆ ದಿನ ಅತ್ತೆ ಕೇಳಿದ ಪ್ರಶ್ನೆಗಳನ್ನು ನಾನು ಯಾರಿಂದಲೂ ಕೇಳಿಲ್ಲ. ಇದಕ್ಕೆ ಹಾರನ್ ಇದೆಯೇ? ಹಿಂದಕ್ಕೆ ಹೋಗುತ್ತದೆಯೇ? ಹದ್ದು ಅಡ್ಡ ಬಂದರೆ ಯಾರು ಸರಿಯಬೇಕು? ಅಷ್ಟೊತ್ತು ಮೇಲೆ ಇದ್ದಾಗ ಒಂದಕ್ಕೆ ಬಂದರೆ ಏನು ಮಾಡುತ್ತೀರಿ? ನಾನು ಮುಖ ಆ ಕಡೆ ತಿರುಗಿಸಿದೆ, ಆದರೆ ಪೈಲಟ್ ಅದಕ್ಕೂ ಗಂಭೀರವಾಗಿಯೇ ಉತ್ತರ ಹೇಳಿದರು. ಹಾರನ್ ಇಲ್ಲ. ಹಿಂದಕ್ಕೂ ಹೋಗುತ್ತದೆ. ಹದ್ದಿಗೆ ದಾರಿ ತಾವೇ ಬಿಡುತ್ತಾರೆ. ಹೊರಡುವ ಮುಂಚೆ ಚಹಾ ಕುಡಿಯುವುದಿಲ್ಲ. ದಾರಿ ಹೇಗೆ ತಿಳಿಯುತ್ತದೆ ಎಂದಾಗ, ಪರದೆಯ ಮೇಲೆ ನಕ್ಷೆ ಇದೆ, ಆದರೂ ಕಣ್ಣಿಗೆ ಹೆದ್ದಾರಿ ಬಿದ್ದರೆ ಸಮಾಧಾನ ಎಂದರು. ಉಮರ್ಗಾದ ಬಳಿ ಹೈದರಾಬಾದಿನ ಹೆದ್ದಾರಿಯನ್ನು ನೋಡಿದ ಮೇಲೆಯೇ ಈ ಕಡೆ ತಿರುಗಿದರಂತೆ.

ಮೇಲಿನ ಫ್ಯಾನು ನಡುವೆ ನಿಂತರೆ ಎಂದು ಅತ್ತೆ ಕೊನೆಗೆ ಕೇಳಿದರು. ಪೈಲಟ್ ರೊಟ್ಟಿ ತಾಟಿನಲ್ಲಿಟ್ಟು ಕೈಯಿಂದ ತೋರಿಸಿದರು. ಎಂಜಿನ್ ನಿಂತರೂ ಕೆಳಗಿನ ಗಾಳಿ ಅದನ್ನು ತಿರುಗಿಸುತ್ತಲೇ ಇರುತ್ತದೆ, ಬೀಳುವುದಿಲ್ಲ, ಇಳಿಯುತ್ತದೆ ಎಂದರು. ಅತ್ತೆ ಸ್ವಲ್ಪ ಯೋಚಿಸಿ, ತಪಸಿ ಗಿಡದ ಬೀಜ ತಿರುಗುತ್ತ ಕೆಳಗೆ ಬರುವ ಹಾಗೆ ಎಂದರು. ಪೈಲಟ್‌ಗೆ ತಪಸಿ ಗಿಡ ಗೊತ್ತಿರಲಿಲ್ಲ. ಆದರೆ ಅತ್ತೆಗೆ ಅರ್ಥವಾಗಿದೆ ಎಂಬುದು ಅವರಿಗೆ ಅರ್ಥವಾಯಿತು.

ಮುಹೂರ್ತ ಮಧ್ಯಾಹ್ನಕ್ಕೆ ಇತ್ತು. ನಮ್ಮ ಕಡೆಯ ಮದುವೆ ಗೊತ್ತಲ್ಲ, ಅಕ್ಷತೆಗೆ ಮೊದಲು ಬಂದ ಹಿರಿಯರಿಗೆಲ್ಲ ಪೇಟ ಸುತ್ತಿ ಶಾಲು ಹೊದಿಸಬೇಕು, ಪೇಟ ಸುತ್ತಿಸಿಕೊಂಡವರು ಎರಡು ಮಾತು ಆಡಬೇಕು. ಅಕ್ಷತೆ ಬಿದ್ದಾಗ ಬಿಸಿಲು ಓರೆಯಾಗಿತ್ತು. ನಾನು ಊಟ ಮುಗಿಸಿ ಹೊಲಕ್ಕೆ ಬಂದಾಗ ಹುಡುಗನ ಅಜ್ಜ ಆಗಲೇ ಅಲ್ಲಿದ್ದರು. ತಮ್ಮನ್ನು ಬಿಟ್ಟು ಹೋದೀತೆಂಬ ಅಂಜಿಕೆಯಿಂದ ಕೋಲು ಊರಿಕೊಂಡು ಹೆಲಿಕಾಪ್ಟರಿನ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದರು. ಬೀಗರ ಜೀಪು, ಬಸ್ಸುಗಳೆಲ್ಲ ಮುಂಚಿತವಾಗಿ ಮುರುಮಕ್ಕೆ ಹೊರಟು ಹೋಗಿದ್ದವು. ಅಲ್ಲಿ ಸೊಸೆ ಇಳಿಯುವುದನ್ನು ನೋಡಬೇಕಲ್ಲ.

ಪೈಲಟ್ ಸೂರ್ಯನನ್ನೂ ಗಡಿಯಾರವನ್ನೂ ನೋಡತೊಡಗಿದರು. ಮುರುಮದಲ್ಲಿ ಇಳಿಸಿ, ಕತ್ತಲಾಗುವ ಮೊದಲು ಅವರು ಸೊಲ್ಲಾಪುರ ಸೇರಬೇಕಿತ್ತು. ಕತ್ತಲಲ್ಲಿ ಹಾರುವಂತಿಲ್ಲ. ನನ್ನ ಗಂಡ ಊರೊಳಗೆ ಫೋನು ಮಾಡಿದರು. ಮದುಮಗಳು ಬೀರಪ್ಪನ ಗುಡಿಗೆ ಹೋಗಿದ್ದಾಳೆ, ಭಂಡಾರ ಹಚ್ಚಿಸಿಕೊಂಡು ಬರುತ್ತಾಳೆ ಎಂದು ಅಲ್ಲಿಂದ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರು. ಡೊಳ್ಳಿನವರು ಇನ್ನೂ ಬಾರಿಸುತ್ತಿದ್ದಾರೆ ಎಂದು ಉತ್ತರ ಬಂತು. ಮೂರನೆಯ ಸಲ ಹುಡುಗಿಯ ಅಪ್ಪನೇ ಫೋನು ತೆಗೆದುಕೊಂಡು, ಅಳು ಇನ್ನೂ ಮುಗಿದಿಲ್ಲ, ಪೈಲಟ್‌ರನ್ನು ಕಾಯಿಸಬೇಡಿ, ಕಳಿಸಿಬಿಡಿ, ಮಕ್ಕಳು ಕಾರಿನಲ್ಲಿ ಹೋಗುತ್ತಾರೆ ಎಂದರು. ಆಗ ಅಲ್ಲಿ ನಿಂತಿದ್ದ ಒಂದೇ ಕಾರು ನನ್ನದು.

ಅಜ್ಜನ ಮುಖ ನೋಡಲಾಗಲಿಲ್ಲ. ನಾನೊಬ್ಬನೇ ಇಳಿದರೆ ಊರವರಿಗೆ ಏನು ಹೇಳಲಿ ಎಂದು ಪೈಲಟ್‌ರನ್ನೇ ಕೇಳಿದರು. ಪೈಲಟ್ ಬಾಗಿಲು ತೆರೆದು ಅವರನ್ನು ಕೂಡಿಸಿದರು. ಆಮೇಲೆ ತಿರುಗಿ ನಮ್ಮ ಅತ್ತೆಯನ್ನು ನೋಡಿ, ಸೀಟು ಖಾಲಿ ಇವೆ, ಅಮ್ಮಾ ಬರ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ಎಪ್ಪತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ ಬೇರೆ. ನಾನು ಬೇಡ ಅನ್ನಬೇಕೆಂದೇ ಬಾಯಿ ತೆರೆದೆ.

"ನೀ ಹೆಂಗೂ ಕಾರ್ ತಗೊಂಡು ಮುರುಮಕ್ಕ ಬರ್ತಿ ಹೌದಿಲ್ಲೋ?" ಅಂದರು.

"ಬರ್ತೀನ್ರಿ."

"ಹಂಗಾದ್ರ ವಾಪಸ್ ಬರೋ ಚಿಂತಿ ಇಲ್ಲ."

ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ಸೆರಗು ಬಿಗಿದು ಹತ್ತಿಬಿಟ್ಟರು. ನನ್ನ ಗಂಡ ಅವ್ವಾ ಅವ್ವಾ ಎನ್ನುತ್ತ ಓಡಿ ಬರುವಷ್ಟರಲ್ಲಿ ಫ್ಯಾನು ತಿರುಗಲು ಹತ್ತಿತ್ತು. ಅದು ಮೇಲೆದ್ದಾಗ ನನಗೆ ಕಂಡದ್ದು ಕಿಟಕಿಯಲ್ಲಿ ಅತ್ತೆಯ ಹಣೆಯ ವಿಭೂತಿ, ಕುಂಕುಮ ಮಾತ್ರ. ಅವರ ಚಪ್ಪಲಿ ಸುಣ್ಣದ ಗೆರೆಯ ಆಚೆ ಬಿದ್ದಿದ್ದವು. ಗುಡಿಯ ಮೆಟ್ಟಿಲು ಹತ್ತುವಾಗಿನಂತೆ ಬಿಟ್ಟು ಹತ್ತಿದ್ದರು. ಅವನ್ನು ಎತ್ತಿ ಕಾರಿನಲ್ಲಿಟ್ಟೆ.

ಸ್ವಲ್ಪ ಹೊತ್ತಿಗೆ ಮದುಮಕ್ಕಳು ಬಂದರು. ಹುಡುಗಿಯ ಹಣೆ ಹಳದಿ ಭಂಡಾರದಿಂದ ತುಂಬಿತ್ತು, ಕಣ್ಣು ಕೆಂಪಾಗಿದ್ದವು. ಅವಳು ಹಿಂದೆ ಕೂಡಲಿಲ್ಲ, ನನ್ನ ಮಗ್ಗುಲಲ್ಲೇ ಕೂತಳು. ಹುಡುಗ ಹಿಂದೆ ಕೂತ, ಅವನ ಜೊತೆ ಎರಡು ಸೂಟ್‌ಕೇಸು, ಒಂದು ಕಂಬಳಿ ಗಂಟು.

ಮಾಂಜರಾದ ಸೇತುವೆ ದಾಟಿದೆವು. ನಿಲಂಗಾ ಹತ್ತಿರ ಬಂದಾಗ ಅವಳು ಕಿಟಕಿ ಇಳಿಸಿದಳು. ಆಮೇಲೆ ಒಂದೊಂದು ಊರು ಬಂದಾಗಲೂ ಇದು ಯಾವುದು, ಇಲ್ಲಿಂದ ಬಸ್ ಸಿಗುತ್ತದೆಯೇ, ಈ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ಬಂದಳು. ಕಾಸಾರ ಸಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು, ಹೆಲಿಕಾಪ್ಟರ್ ತಪ್ಪಿದ್ದಕ್ಕೆ ಬೇಸರವಾಯಿತೇ ಎಂದು ಕೇಳಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾ ಬೇಕಂತನೇ ಗಡಬಡಿ ಮಾಡಿಲ್ರಿ ಕಾಕೂ," ಅಂದಳು. "ಮ್ಯಾಲಿಂದ ಹೋಗಿ ಇಳದ್ರ, ಆ ಊರು ನಮ್ಮೂರಿಂದ ಯಾವ ದಿಕ್ಕಿಗದ ಅಂತ ಹ್ಯಾಂಗ ತಿಳೀತದ? ನಾಳಿ ನಾ ಒಬ್ಬಾಕಿನೇ ಬರಬೇಕಂದ್ರ ಹಾದಿ ಗೊತ್ತಿರಬೇಕಲ್ಲ."

ಹಿಂದಿನಿಂದ ಹುಡುಗ ಮೆಲ್ಲಗೆ ಹೇಳಿದ. "ಮುಂಜಾನಿ ಮ್ಯಾಲಿದ್ದಾಗ ನಾ ಕಣ್ಣೇ ತೆಗದಿಲ್ಲ. ನಮ್ಮ ಅಜ್ಜಗ ಹೇಳಬ್ಯಾಡ್ರಿ."

ಮದುವೆಯಾದ ಮೇಲೆ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದು ಅದೇ ಮೊದಲಿರಬೇಕು. ಚಹಾ ಮುಗಿಸಿ ಹೊರಟಾಗ ಅವಳು ಹಿಂದಿನ ಸೀಟಿಗೆ ಹೋದಳು. ಸೂಟ್‌ಕೇಸು ನನ್ನ ಪಕ್ಕಕ್ಕೆ ಬಂತು. ಉಮರ್ಗಾದ ಹೆದ್ದಾರಿಯಿಂದ ಮುಂದಿನ ದಾರಿಯನ್ನು ಹುಡುಗನೇ ತೋರಿಸಿದ. ಇದು ನಮ್ಮ ಕಬ್ಬು, ಇದು ನಮ್ಮ ಕಾಕಾನ ಕಬ್ಬು ಎಂದು ಕತ್ತಲಲ್ಲೂ ಹೇಳುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು.

ಮುರುಮದ ಮನೆಯಂಗಳದಲ್ಲಿ ನಡುವಿನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಕೊರಳಲ್ಲಿ ಹಾರ, ಮಡಿಲಲ್ಲಿ ಕೊಬ್ಬರಿ, ಅಕ್ಕಿ, ಕುಬಸದ ಬಟ್ಟೆ. ಆದದ್ದು ಇಷ್ಟು. ಧೂಳಿನಲ್ಲಿ ಯಾರು ಇಳಿದರೆಂದು ಕಾಣದೆ ಬ್ಯಾಂಡಿನವರು ಬಾರಿಸಿಬಿಟ್ಟಿದ್ದಾರೆ, ಹೆಂಗಸರು ಆರತಿ ಎತ್ತಿದ್ದಾರೆ, ಒಬ್ಬಳು ಬರಿಗಾಲಿನ ಮೇಲೆ ನೀರನ್ನೂ ಹೊಯ್ದಿದ್ದಾಳೆ. ಅತ್ತೆ ಮರಾಠಿಯಲ್ಲೂ ಕನ್ನಡದಲ್ಲೂ ನಾನು ಮದುಮಗಳಲ್ಲ, ಅವಳು ಹಿಂದೆ ಕಾರಿನಲ್ಲಿ ಬರುತ್ತಿದ್ದಾಳೆ ಎಂದು ಹೇಳಬೇಕಾಯಿತಂತೆ. ಹುಡುಗನ ಅಜ್ಜಿ ಮೊದಲು ಗಾಬರಿಯಾಗಿ, ಆಮೇಲೆ ನಗುತ್ತ, ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕೂಡಿಸಬಾರದೆಂದು ಉಡಿ ತುಂಬಿದರಂತೆ. ಅಜ್ಜನಿಗೆ ಇದರಿಂದ ಒಂದು ಉಪಕಾರವಾಯಿತು. ಸೊಸೆ ಎಲ್ಲಿ ಎಂದು ಯಾರೂ ಅವರನ್ನು ಕೇಳಲಿಲ್ಲ, ಎಲ್ಲರೂ ಅತ್ತೆಯ ಮಾತು ಕೇಳುತ್ತ ಕೂತಿದ್ದರು. ನಿಜವಾದ ಮದುಮಗಳಿಗೆ ಮತ್ತೊಮ್ಮೆ ಬ್ಯಾಂಡು, ಮತ್ತೊಮ್ಮೆ ಆರತಿ.

ಮೇಲಿಂದ ಏನು ಕಂಡಿತು ಎಂದು ನಾನು ಕೇಳಿದೆ. ಹೊಲ, ಗುಡಿ, ಊರು ಎಂದು ಹೇಳುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಮಾಳಿಗೆಗಳ ಮಾತು. ಮುಂಬಾಗಿಲಿಗೆ ಬಣ್ಣ ಹೊಡೆದವರೆಲ್ಲ ಮಾಳಿಗೆಯ ಮೇಲೆ ಹರಕು ಚಾಪೆ, ಮುರಿದ ಕುರ್ಚಿ, ತೂತುಬಿದ್ದ ನೀರಿನ ಟಾಕಿ ಇಟ್ಟಿದ್ದಾರಂತೆ. ಬಾವಿಗಳು ಅಷ್ಟಿವೆ ಎಂದು ಗೊತ್ತೇ ಇರಲಿಲ್ಲವಂತೆ. ಒಂದು ಕುರಿ ಹಿಂಡು ಕಂಡಿತಂತೆ, ಅದರ ಹಿಂದೆ ನಡೆಯುವವನಿಗಿಂತ ಅವನ ನೆರಳೇ ಉದ್ದವಿತ್ತಂತೆ. ಹೆದರಿಕೆಯಾಗಲಿಲ್ಲವೇ ಎಂದರೆ, ಏಳುವಾಗ ಆಯಿತು, ಆದರೆ ಅಜ್ಜ ತಮಗಿಂತ ಹೆಚ್ಚು ಹೆದರಿ ಕೈ ಹಿಡಿದುಕೊಂಡದ್ದರಿಂದ ತಾವು ಹೆದರಲು ಆಗಲಿಲ್ಲ ಎಂದರು.

ಆ ರಾತ್ರಿ ಮುರುಮದವರು ನಮ್ಮನ್ನು ಬಿಡಲಿಲ್ಲ. ಮರುದಿನ ಉಂಡು ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಉಮರ್ಗಾ ದಾಟಿದ ಮೇಲೆ ಒಮ್ಮೆ, ಕಾರು ಬಹಳ ಮೆಲ್ಲಗೆ ಹೋಗುತ್ತಿದೆಯಲ್ಲ ಎಂದರು. ಮೊದಲೆಲ್ಲ ನನಗೆ ಮೆಲ್ಲಗೆ ಹೋಗು ಎಂದು ಹೇಳುತ್ತಿದ್ದವರು ಅವರೇ. ನಿಲಂಗಾ ದಾಟಿ ಮಾಂಜರಾ ಬಂದಾಗ, ನಿಲ್ಲಿಸು ಎಂದರು. ತಲೆ ಸುತ್ತಿತೇನೋ ಎಂದು ನಾನು ಸೇತುವೆಯ ಅಂಚಿಗೆ ಕಾರು ಹಚ್ಚಿದೆ. ಅವರು ಇಳಿದು ಕಟ್ಟೆ ಹಿಡಿದುಕೊಂಡು ಕೆಳಗೆ ನೋಡಿದರು.

"ನಿನ್ನಿ ಮ್ಯಾಲಿಂದ ನೋಡಿದಾಗ ಹೊಳಿ ನಿಂತಂಗ ಕಂಡಿತ್ತು. ಒಂದೀಟೂ ಹರಿಲಿಕತ್ತಿರಲಿಲ್ಲ," ಎಂದರು.

ಕೆಳಗೆ ಬ್ಯಾರೇಜು ತಡೆದು ನಿಲ್ಲಿಸಿದ ನೀರು, ಹಸಿರು ಬಣ್ಣದ್ದು. ನನಗೂ ಅದು ನಿಂತಂತೆಯೇ ಕಂಡಿತು. ಅತ್ತೆ ಉಡಿಯಲ್ಲಿ ಉಳಿದಿದ್ದ ಹಾರದಿಂದ ಒಂದು ಚೆಂಡು ಹೂ ಕಿತ್ತು ಕೆಳಗೆ ಹಾಕಿದರು. ಅದು ಬಿದ್ದಲ್ಲಿಯೇ ತೇಲುತ್ತಿತ್ತು. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ಹಾರನ್ ಹೊಡೆಯಿತು, ಅದರ ಹಿಂದೆ ಒಂದು ಬಸ್ಸೂ ಹೊಡೆಯಿತು. ಹೋಗೋಣ ಎಂದೆ. ಅತ್ತೆ ಕೈ ಎತ್ತಿ ತಡೆದರು. ನಾವಿಬ್ಬರೂ ಆ ಹೂವನ್ನೇ ನೋಡುತ್ತ ನಿಂತೆವು. ಕೊನೆಗೆ ಅವರು, ಸರಿಯಿತು, ನೋಡು, ಕಂಬದ ಆ ಕಡೆ ಇದ್ದದ್ದು ಈ ಕಡೆ ಬಂತು ಎಂದು ಕಾರು ಹತ್ತಿದರು. ನೀರು ಒಯ್ದಿತೋ ಗಾಳಿ ಒಯ್ದಿತೋ, ನಾನು ಹೇಳಲಾರೆ.