ಕಂಬಿ ಬಿಟ್ಟು ನಡುವಿಗೆ

ಮೈಸೂರಿನ ನೆಲ ಮೊದಲ ಬೆಳಿಗ್ಗೆಯೇ ನನ್ನನ್ನು ಕೆಡವಿತು. ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಸಾಮಾನು ಇನ್ನೂ ಬಿಚ್ಚಿರಲಿಲ್ಲ. ನಾನು ಬ್ಯಾಲೆಯ ಬೂಟು ಕಟ್ಟಿಕೊಂಡು, ಕಿಟಕಿಯ ಸರಳು ಹಿಡಿದು, ಕಾಲ್ಬೆರಳ ತುದಿಯ ಮೇಲೆ ಎದ್ದೆ. ಉಜ್ಜಿ ಉಜ್ಜಿ ನುಣುಪಾದ ಕೆಂಪು ಗಾರೆ. ದೊಪ್ಪನೆ ಬಿದ್ದೆ.

ಪಕ್ಕದಲ್ಲೇ ಇದ್ದ ಮನೆ ಒಡತಿ ಕೆಂಪಮ್ಮ ಓಡಿಬಂದರು. “ಏನಮ್ಮಾ ಬಿತ್ತು?”

“ನಾನಽ ಬಿದ್ದೀನ್ರಿ.”

ನಮ್ಮ ಧಾರವಾಡದ ಮಾತು ಕೇಳಿ ಅವರಿಗೆ ನಗು ಬಂತು. ನನಗೆ ಅಳು.

ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ಧಾರವಾಡದಿಂದ ಹೋಗಿ ನೆಲೆಸಿದ್ದ ಮುಂಬಯಿಯನ್ನು ನಾವು ಬಿಟ್ಟಾಗ ನನಗೆ ಹದಿನೇಳು. ಅಲ್ಲಿ ಬ್ಯಾಲೆ ಕಲಿಸುತ್ತಿದ್ದ ಪಾರ್ಸಿ ಟೀಚರ್ ಆಗಷ್ಟೇ ಹೇಳಿದ್ದರು, “ಇನ್ನು ನೀನು ನಡುವಿಗೆ ಬರಬಹುದು.” ಗೋಡೆಗುಂಟ ಒಂದು ಮರದ ಕಂಬಿ ಇರುತ್ತದೆ, ಕಲಿಯುವವರು ವರ್ಷಗಟ್ಟಲೆ ಅದನ್ನು ಹಿಡಿದೇ ತುದಿಗಾಲಲ್ಲಿ ಏಳಬೇಕು. ಆಮೇಲೆ ಕೋಣೆಯ ನಡುವೆ, ಏನನ್ನೂ ಹಿಡಿಯದೆ. ನನ್ನ ಸರದಿ ಬಂದಾಗ ರೈಲು ಹತ್ತಿದೆ.

ಮುಂಬಯಿಯವರಿಗೆ ಇಲ್ಲಿನ ಮನೆ ಕಂಡರೆ ಹೊಟ್ಟೆಕಿಚ್ಚಾದೀತು. ಗಿರಗಾಂವದ ಚಾಳಿನಲ್ಲಿ ಒಂದೇ ಕೋಣೆಗೆ ಆರು ಜನ. ಇಲ್ಲಿ ಮೂರು ಕೋಣೆ, ಹಿತ್ತಲು, ನುಗ್ಗೆಮರ. ಆದರೆ ಅಲ್ಲಿ ಗೋಡೆಯಾಚೆ ಯಾರಾದರೂ ಕೆಮ್ಮುತ್ತಿದ್ದರು. ಇಲ್ಲಿ ಮಧ್ಯಾಹ್ನದ ಹೊತ್ತು ನನ್ನ ಉಸಿರೇ ನನಗೆ ಕೇಳುತ್ತಿತ್ತು. ಕೆಂಪಮ್ಮ ಕೊಟ್ಟ ರಾಗಿಮುದ್ದೆಯನ್ನು ರೊಟ್ಟಿಯಂತೆ ಅಗಿದು, “ನುಂಗು ಕಣಮ್ಮ” ಎಂದು ಬೈಸಿಕೊಂಡೆ.

“ಇಲ್ಲಿ ಆ ಕುಣಿತ ಬ್ಯಾಡ, ಮಂದಿ ಏನಂದಾರು?” ಎಂದಳು ಅವ್ವ. ನನ್ನ ಚಿಂತೆ ಬೇರೆ. ಆ ಬೂಟಿನ ಮೂತಿ ಬಟ್ಟೆ, ಅಂಟಿನದು; ಬಳಸಿದಷ್ಟೂ ಮೆತ್ತಗಾಗುತ್ತದೆ. ಇದ್ದದ್ದು ಒಂದೇ ಜೊತೆ, ಮೈಸೂರಿನಲ್ಲಿ ಸಿಗುವುದಿಲ್ಲ. ಅದು ಮೆತ್ತಗಾಗುವುದರೊಳಗೆ ನಡುವಿಗೆ ಹೋಗದಿದ್ದರೆ ಮುಗಿಯಿತು.

ಕೆಂಪಮ್ಮನ ಯಜಮಾನರು ಊರಿನ ಬೇಸಾಯ ಬಿಟ್ಟು ಇಲ್ಲಿ ಮರದ ಡಿಪೋ ಇಟ್ಟಿದ್ದರು. ನೆಲ ಜಾರುವುದನ್ನು ಹೇಳಿದ್ದಕ್ಕೆ ಕೆಂಪಮ್ಮ ಅವರಿಂದ ಹಲಗೆ ತರಿಸಿ ಹಿಂದಿನ ವರಾಂಡದಲ್ಲಿ, ಕಿಟಕಿಯ ಸರಳಿನ ಪಕ್ಕಕ್ಕೆ ಹಾಸಿಸಿದರು. ಅವ್ವ ಮುಖ ಗಂಟಿಕ್ಕಿದಳು, ಆದರೆ ಒಡತಿಗೆ ಎದುರಾಡಲಿಲ್ಲ.

ಕೆಂಪಮ್ಮ ಅಕ್ಕಿ ಆರಿಸುತ್ತ ನನ್ನನ್ನು ನೋಡುತ್ತಿದ್ದರು. ಒಂದು ದಿನ ಕೇಳಿದರು, “ಸರಳು ಬುಟ್ರೆ ಏನಾಯ್ತದೆ?”

“ಬೀಳ್ತೀನ್ರಿ.”

“ಬೀಳು. ನಾನಿಲ್ವಾ ಇಡ್ಕೊಳಕ್ಕೆ?” ಮೊರ ಕೆಳಗಿಟ್ಟು ನನ್ನ ಹಿಂದೆ ನಿಂತರು.

ಬಿಟ್ಟೆ. ನೆಟ್ಟಗೆ ನಿಂತಿದ್ದೇನೆ ಅಂದುಕೊಂಡಿದ್ದೆ. ಅಷ್ಟು ದಿನವೂ ಸರಳಿಗೆ ಜೋತುಬಿದ್ದಿದ್ದೆ ಎಂದು ಆಗ ತಿಳಿಯಿತು. ಹಿಂದಕ್ಕೆ ವಾಲಿ ಅವರ ಎದೆಗೆ ಬಿದ್ದೆ. ಇಬ್ಬರೂ ತೂರಾಡಿ ಗೋಡೆಗೆ ತಾಗಿದೆವು. “ಇನ್ನೊಂದ್ಸಲ” ಎಂದರು. ಮಳೆಗಾಲವಿಡೀ ಬಿದ್ದೆ, ಎದ್ದೆ. ಕೊನೆಗೊಮ್ಮೆ ಸೊಂಟವನ್ನು ಬೆರಳ ನೇರಕ್ಕೆ ತಂದಾಗ ಮೈ ತಾನೇ ನಿಂತಿತು. ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಲಗೆಯ ಆ ತುದಿ ಮುಟ್ಟಿದೆ. “ಅಯ್ಯೋ, ಓಗೇ ಬುಟ್ಳಲ್ಲ!” ಎಂದು ಕೆಂಪಮ್ಮ ಕೂಗಿದ್ದಕ್ಕೆ ಅವ್ವ ಒಳಗಿಂದ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

ಮರುವರ್ಷ ಮದುವೆಯೊಂದಕ್ಕೆ ಮುಂಬಯಿಗೆ ಹೋದಾಗ ಕ್ಲಾಸಿಗೂ ಹೋದೆ. ಟೀಚರ್ ನಡುವಿನ ಸಾಲಿನಲ್ಲಿ ನಿಲ್ಲಿಸಿದರು. ಯಾರು ಕಲಿಸಿದರು ಎಂದು ಕೇಳಿದಾಗ “ನಮ್ಮ ಮನೆ ಒಡತಿ” ಎಂದೆ. ಹೊಸ ಬೂಟು ಕೊಂಡೆ. ಚಾಳಿನ ಮೆಟ್ಟಿಲಲ್ಲಿ ಹಳೆಯ ನೆರೆಯಾಕೆ ಕೇಳಿದಳು, “ಊರಿಂದ ಬಂದಿಯೇನ?”

ವಾರದ ಮೇಲೆ ಚಾಮರಾಜಪುರಂನಲ್ಲಿ ಜಟಕಾ ಇಳಿಯುತ್ತಿದ್ದಂತೆ ಕೆಂಪಮ್ಮ ಕೇಳಿದರು, “ಊರ್ಗೋಗ್ಬಂದ್ಯಾ?”

ಇಬ್ಬರಿಗೂ ಹೂಂ ಅಂದೆ.