ಗೆಲುವು ಬೇಡವೆಂದ ಬಾಡಿಗೆದಾರ

ನಮ್ಮ ಮಹಡಿಯ ಬಾಡಿಗೆದಾರನಿಗೆ ಚೆಸ್ ಆಡುವುದಕ್ಕಿಂತ ಫೋನಿನಲ್ಲಿರುವ ಚೆಸ್ ಆ್ಯಪ್ ಜೊತೆ ಜಗಳವಾಡುವುದೇ ಇಷ್ಟ. ಹಲ್ಲುಜ್ಜುತ್ತಲೇ ಶುರು. “ಕಾಯಿ ಎಣಿಸೋಕೆ ಬರುತ್ತೆ, ಆಟ ಅರ್ಥ ಆಗಲ್ಲ ನಿನಗೆ” ಎಂದು ಫೋನಿಗೆ ಬೈಯುತ್ತಾನೆ. “ಮೊದಲು ಬಾಯಿ ತೊಳ್ಕೊಳ್ಳಿ, ಆಮೇಲೆ ಬೈಯಿರಿ” ಎಂದು ಹೆಂಡತಿ ಒಳಗಿಂದ ಕೂಗುತ್ತಾಳೆ. ಸಂಜೆ ನಮ್ಮ ಮನೆಯವರ ಜೊತೆ ಆಡುತ್ತಿದ್ದ. ಅವರು ಕೊನೆಯ ಆಟ ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಹಲಗೆಯನ್ನು ನಾನು ಮುಟ್ಟಿರಲಿಲ್ಲ. ಮೊನ್ನೆ ಅವನು ಆ ಆಟವನ್ನು ಫೋನಿಗೆ ಹಾಕಿದ. ಅವನ ಬಳಿ ಒಂದು ಆನೆ ಹೆಚ್ಚಿತ್ತು. ಗೆಲುವು ಅವನದೇ ಎಂದಿತು ಫೋನು. ಬೇರೆಯವನಾದರೆ ಹಿಗ್ಗುತ್ತಿದ್ದ. ಇವನು ಕೆರಳಿದ. “ಅಣ್ಣ ಕಾಲಾಳುಗಳನ್ನ ಗೋಡೆ ಥರ ಕಟ್ಟಿದಾರೆ ಅಕ್ಕ, ನನ್ನ ಆನೆ ಎಲ್ಲಿಂದ ನುಗ್ಗುತ್ತೆ?” ಎಂದವನೇ ತನ್ನ ಕಾಯಿಗಳನ್ನು ಫೋನಿಗೆ ಬಿಟ್ಟು, ತಾನು ನಮ್ಮವರ ಕಡೆಯಿಂದ ಆಡಲು ಕೂತ. ಫೋನಿನ ಆನೆ ಅತ್ತ ಹೋಯಿತು, ಇತ್ತ ಬಂತು. ನಮ್ಮವರ ರಾಜ ಗೋಡೆಯ ಹಿಂದೆ ಆರಾಮಾಗಿ ತಿರುಗಾಡಿಕೊಂಡಿದ್ದ. ಕೊನೆಗೆ ಫೋನೇ ಡ್ರಾ ಎಂದು ತೋರಿಸಿತು. “ಅಕ್ಕಾ, ಅಣ್ಣ ಸೋತಿಲ್ಲ!” ಎಂದು ಅವನು ಮನೆ ಅದುರುವಂತೆ ಕೂಗಿದ. ಅವರು ಹೋದಂದಿನಿಂದ ನಾನು ಗಟ್ಟಿಯಾಗಿ ಮಾತಾಡಿದವಳಲ್ಲ. ಫೋನು ಕಿತ್ತುಕೊಂಡು ಅದಕ್ಕೇ ಕೇಳುವಂತೆ ಅವನಿಗಿಂತ ಜೋರಾಗಿ ಕೂಗಿದೆ: “ನೋಡಿದ್ಯಾ, ನಮ್ಮನೆಯವರ ಆಟ!”